ಎರಡು ಸಂಘ, ಎರಡು ಬಗೆಯ ಸಾಲ

ಪ್ರಶ್ನೆ: ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಅಲ್ಲೇ ಸಾಲ ಎತ್ತಿ ಎರಡು ಹಸು ಕಟ್ಟಿದರು, ಈಗ ಡೇರಿಗೆ ಹಾಲು ಹಾಕುತ್ತಾರೆ. ಅದೇ ಬೀದಿಯ ಇನ್ನೊಂದು ಮನೆಯವರು ‘ಸಂಘದ ಸಾಲ’ ಕಟ್ಟಲಾಗದೆ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟರು. ಎರಡೂ ಹೆಂಗಸರ ಸಂಘ, ಎರಡೂ ಸಣ್ಣ ಸಾಲ. ಹಾಗಾದರೆ ವ್ಯತ್ಯಾಸ ಎಲ್ಲಿ? ನಾನೀಗ ಹೊಲಿಗೆ ಕಲಿಯುತ್ತಿದ್ದೇನೆ. ಸಾಲ ಮಾಡಿ ಮಷಿನ್ ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಯಾವ ಸಂಘವೇ ಆಗಲಿ, ಎರಡು ವಿಷಯ ಕೇಳಿ ನೋಡಿ. ಸಾಲದ ದುಡ್ಡು ಎಲ್ಲಿಂದ ಬಂತು? ಕಟ್ಟಿದ ಬಡ್ಡಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಚಿಕ್ಕಮ್ಮನ ಸಂಘದಲ್ಲಿ ಮೊದಲು ಬಂದದ್ದು ಸದಸ್ಯೆಯರ ವಾರದ ಉಳಿತಾಯ. ಅದನ್ನೇ ಒಳಗೊಳಗೆ ಸಾಲ ಕೊಟ್ಟುಕೊಂಡರು, ಬಡ್ಡಿ ಸಂಘದ ಖಾತೆಯಲ್ಲೇ ಉಳಿದು ಬೆಳೆಯಿತು. ಲೆಕ್ಕ ನೇರವಾಗಿದೆ ಎಂದು ಗೊತ್ತಾದ ಮೇಲೆ ಬ್ಯಾಂಕು ಸಾಲ ಕೊಟ್ಟಿತು. ಊರು ಬಿಟ್ಟವರ ‘ಸಂಘ’ ಬಹುಶಃ ಕಂಪನಿಯೊಂದು ಸಾಲ ಕೊಡಲೆಂದೇ ಸೇರಿಸಿದ ಗುಂಪು. ಅಲ್ಲಿ ಉಳಿತಾಯವಿಲ್ಲ, ಸಭೆಯಲ್ಲಿ ಚರ್ಚೆಯಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತಾರೆ, ಕಂತು ವಸೂಲಿಗೆ ಏಜೆಂಟ್ ಬರುತ್ತಾನೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಲ್ಲಿ ಕೂರಬೇಕು.

ನಿಮ್ಮ ಚಿಕ್ಕಮ್ಮನ ಮಾದರಿ ಬೆಳೆದದ್ದು ಹೆಚ್ಚಾಗಿ ನಮ್ಮ ಸೀಮೆಯಲ್ಲೇ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು ಶುರುವಾದ ಮೈರಾಡ ಸಂಸ್ಥೆ ಎಂಬತ್ತರ ದಶಕದ ಹೊತ್ತಿಗೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ನಡೆಸುತ್ತಿತ್ತು. ಅಧ್ಯಕ್ಷರ ದರ್ಬಾರು ತಾಳಲಾರದೆ ಅವು ಒಡೆಯತೊಡಗಿದವು. ಒಡೆದು ಬಂದ ಸಣ್ಣ ಗುಂಪಿನವರು ಸಾಲ ತೀರಿಸಲು ತಯಾರಿದ್ದರು, ಆದರೆ ಆ ಸಹಕಾರ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಹಾಗಿದ್ದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದಿತು ಮೈರಾಡ. ಆಗ ಸಂಸ್ಥೆಯ ಮುಂದಾಳಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಈ ಗುಂಪುಗಳ ಗಟ್ಟಿತನ ಯೋಜನೆಯಲ್ಲಲ್ಲ, ಸದಸ್ಯರ ನಡುವೆ ಮೊದಲೇ ಇದ್ದ ನಂಟಿನಲ್ಲಿದೆ ಎಂದು ಗುರುತಿಸಿದರು. 1987ರಲ್ಲಿ ನಬಾರ್ಡ್ ಇಂಥ ಗುಂಪುಗಳ ಉಳಿತಾಯಕ್ಕೆ ಸಾಟಿ ಹಣವಾಗಿ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ನಡೆಯಿತು. ನೋಂದಣಿ ಇಲ್ಲದ ಗುಂಪಿಗೆ ಬ್ಯಾಂಕು ಅಡಮಾನ ಕೇಳದೆ ಸಾಲ ಕೊಡಬಹುದು, ಯಾರಿಗೆ ಯಾತಕ್ಕೆ ಎಂಬುದನ್ನು ಗುಂಪೇ ತೀರ್ಮಾನಿಸಬಹುದು ಎಂದು ಒಪ್ಪಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು ಆಮೇಲೆ, 2000-01ರಲ್ಲಿ, ಗುಂಪಿಗೆ ಐದು ಸಾವಿರ ಸುತ್ತುನಿಧಿಯೊಂದಿಗೆ. (ಆ ಐದು ಸಾವಿರಕ್ಕೆಂದೇ ಹುಟ್ಟಿ, ಅದು ಖರ್ಚಾದ ತಿಂಗಳೇ ಕಣ್ಮುಚ್ಚಿದ ಸಂಘಗಳೂ ಉಂಟು.)

ಒಳ್ಳೆಯ ಸಂಘದ ಸಭೆಗೆ ಒಮ್ಮೆ ಹೋಗಿ ಕೂತು ನೋಡಿ. ಸಂಜೆ ದೀಪ ಹಚ್ಚಿದ ಮೇಲೆ ಯಾರದೋ ಜಗುಲಿಯಲ್ಲಿ ಚಾಪೆ ಹಾಸುತ್ತಾರೆ. ತಡವಾಗಿ ಬಂದವಳು ಗೊಣಗುತ್ತಲೇ ದಂಡ ಕಟ್ಟುತ್ತಾಳೆ. ಉಳಿತಾಯದ ಹಣ ಎಣಿಸಿ, ಪಾಸ್ ಪುಸ್ತಕದಲ್ಲಿ ಬರೆದು, ಮೊತ್ತವನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಆಮೇಲೆ ಸಾಲದ ಸರದಿ. ಕೈಯಲ್ಲಿ ಹನ್ನೆರಡು ಸಾವಿರ ಇದೆ, ಕೇಳಿದವರು ಮೂವರು. ಒಬ್ಬಳಿಗೆ ಮಗನ ಕಾಲೇಜು ಫೀಸು, ಇನ್ನೊಬ್ಬಳಿಗೆ ಮೇಕೆಮರಿ, ಮತ್ತೊಬ್ಬಳಿಗೆ ಅತ್ತೆಯ ಆಪರೇಷನ್. ‘ಹೋದ ಸಲ ಮೇಕೆಗೆ ಅಂತ ತಗೊಂಡು ನಾಮಕರಣ ಮಾಡ್ಲಿಲ್ವೇನೆ?’ ಎಂದು ಅಲ್ಲೇ ಕೇಳಿಬಿಡುತ್ತಾರೆ. ಯಾವ ಬ್ಯಾಂಕ್ ಮ್ಯಾನೇಜರಿಗೂ ಈ ಪ್ರಶ್ನೆ ಹೊಳೆಯುವುದಿಲ್ಲ. ಕೊನೆಗೆ ತೀರ್ಮಾನ ನಡಾವಳಿ ಪುಸ್ತಕಕ್ಕೆ ಇಳಿಯುತ್ತದೆ, ಹೆಬ್ಬೆಟ್ಟೊತ್ತುತ್ತಿದ್ದವರೂ ಸಹಿ ಕಲಿತು ಹಾಕುತ್ತಾರೆ. ವಾರವಾರ ಲೆಕ್ಕ ಓದುವುದು, ಎದುರಿಗೇ ಇಲ್ಲ ಎನ್ನುವುದು, ಪ್ರತಿನಿಧಿಯಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವುದು: ನಾನು ಕೌಶಲ ಎನ್ನುವುದು ಮೊದಲು ಇವನ್ನೇ. ಹಸುಗಳು ಆಮೇಲೆ ಬಂದವು.

ಇನ್ನು ಬಾಗಿಲಿಗೆ ಬರುವ ಸಾಲ. ಇದರ ಮೂಲಪುರುಷ ಬಾಂಗ್ಲಾದೇಶದ ಮುಹಮ್ಮದ್ ಯೂನುಸ್. ಚಿತ್ತಗಾಂಗ್ ಬಳಿಯ ಜೋಬ್ರಾ ಹಳ್ಳಿಯಲ್ಲಿ ಅವರು 1976ರಲ್ಲಿ ಶುರು ಮಾಡಿದ ಪ್ರಯೋಗ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಬಂತು. ಆ ಬ್ಯಾಂಕಿನ ಒಡೆತನ ಬಹುಪಾಲು ಸಾಲಗಾರ್ತಿಯರದೇ. ಭಾರತಕ್ಕೆ ಬಂದ ಕಂಪನಿಗಳು ಗುಂಪು ಜಾಮೀನನ್ನೂ ವಾರದ ಕಂತನ್ನೂ ಎತ್ತಿಕೊಂಡವು, ಒಡೆತನವನ್ನು ಬಿಟ್ಟವು. ಎಲ್ಲ ಕಂಪನಿಯೂ ಕೆಟ್ಟದ್ದೆನ್ನಲಾರೆ. ತುರ್ತಿಗೆ ಮೀಟರ್ ಬಡ್ಡಿಯವನ ಹತ್ತಿರ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಒಂದೇ ಮನೆಗೆ ನಾಲ್ಕು ಕಂಪನಿ ಸಾಲ ಕೊಟ್ಟು, ಒಂದರ ಕಂತಿಗೆ ಇನ್ನೊಂದರಿಂದ ಎತ್ತುವ ಸ್ಥಿತಿ ಬಂದರೆ ಮುಗಿಯಿತು. 2010ರಲ್ಲಿ ಆಂಧ್ರದಲ್ಲಿ ಆದದ್ದು ಅದೇ. ನಮ್ಮಲ್ಲೂ ಕಿರುಕುಳದ ದೂರು ಹೆಚ್ಚಿ, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೆಂಡತಿ ಹೆಸರಲ್ಲಿ ಸಾಲ, ಗಂಡನ ಹೆಸರಲ್ಲಿ ಬೈಕು ಎಂಬ ಮನೆಗಳಿಗೆ ಯಾವ ಕಾನೂನೂ ಮದ್ದಲ್ಲ, ಅದು ಬೇರೆ ಮಾತು.

ಬಡ್ಡಿಯಲ್ಲೂ ಒಂದು ಕಣ್ಕಟ್ಟಿದೆ. ಇಪ್ಪತ್ತು ಸಾವಿರ ಸಾಲ, ಹತ್ತು ತಿಂಗಳು, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಎಂದಿಟ್ಟುಕೊಳ್ಳಿ. ಸಂಘದಲ್ಲಿ ಉಳಿದ ಅಸಲಿಗಷ್ಟೇ ಬಡ್ಡಿ. ಮೊದಲ ತಿಂಗಳು 400, ಮರುತಿಂಗಳು 360, ಹೀಗೆ ಇಳಿಯುತ್ತಾ ಕೊನೆಗೆ 40; ಒಟ್ಟು 2,200 ರೂಪಾಯಿ. ಕೈಸಾಲದವನು ಕೊನೆಯವರೆಗೂ ಪೂರ್ತಿ ಇಪ್ಪತ್ತು ಸಾವಿರಕ್ಕೇ ಬಡ್ಡಿ ಹಾಕಿದರೆ 4,000. ಬಾಯಲ್ಲಿ ಇಬ್ಬರೂ ಹೇಳುವುದು ‘ನೂರಕ್ಕೆ ಎರಡು’ ಎಂದೇ.

ಸಾಲದಿಂದ ಸ್ವಾವಲಂಬನೆ ಬರುತ್ತದೆಯೇ ಎಂಬುದಕ್ಕೆ ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರ ಸಪ್ಪೆಯಾಗಿದೆ. ಹೈದರಾಬಾದಿನದೂ ಸೇರಿ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಕಿರುಸಾಲ ಸಿಕ್ಕವರ ವ್ಯಾಪಾರ ಅಲ್ಲಲ್ಲಿ ಒಂದಿಷ್ಟು ಹಿಗ್ಗಿತು, ಆದರೆ ಸಂಸಾರದ ದೆಸೆಯೇ ತಿರುಗಿದ್ದು ಎಲ್ಲೂ ಕಾಣಲಿಲ್ಲ. ನನಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಕೈಗೆ ಕಸುಬು ಇಲ್ಲದವಳಿಗೆ ದುಡ್ಡು ಕೊಟ್ಟರೆ ಕಸುಬು ಬರುವುದಿಲ್ಲ, ಕಂತು ಬರುತ್ತದೆ.

ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ಕೋಲ್ಕತ್ತಾದಲ್ಲಿ ನಡೆದ ಇನ್ನೊಂದು ಅಧ್ಯಯನ. ಅಲ್ಲಿ ಕೆಲವರಿಗೆ ಸಾಲ ಪಡೆದ ಎರಡು ವಾರಕ್ಕೇ ಕಂತು ಶುರು ಮಾಡಿದರು, ಕೆಲವರಿಗೆ ಎರಡು ತಿಂಗಳ ಬಿಡುವು ಕೊಟ್ಟರು. ಬಿಡುವು ಸಿಕ್ಕವರು ದಂಧೆಗೆ ಹೆಚ್ಚು ದುಡ್ಡು ಹೂಡಿದರು, ಮೂರು ವರ್ಷದ ಮೇಲೂ ಅವರ ಲಾಭ ಹೆಚ್ಚಿತ್ತು. ಸಾಲ ಬಾಕಿ ಉಳಿಸಿಕೊಂಡವರೂ ಅವರಲ್ಲೇ ಹೆಚ್ಚು. ಹೊಲಿಗೆಯ ಆದಾಯವೂ ಹಾಗೇ, ವಾರವಾರ ಬರುವುದಲ್ಲ. ಗೌರಿ ಹಬ್ಬ, ದೀಪಾವಳಿ, ಮದುವೆ ಕಾಲದಲ್ಲಿ ರಾತ್ರಿಯಿಡೀ ಮಷಿನ್ ತುಳಿಯಬೇಕು. ಆಷಾಢದಲ್ಲಿ ಫಾಲ್ಸ್ ಹಾಕಿಸಲೂ ಯಾರೂ ಬರುವುದಿಲ್ಲ. ಅಂಥ ಕೆಲಸಕ್ಕೆ ವಾರದ ಕಂತು ಒಗ್ಗದು. ನಿಮ್ಮ ಚಿಕ್ಕಮ್ಮನ ಸಂಘವಾದರೆ ಕಂತನ್ನು ತಿಂಗಳಿಗೊಮ್ಮೆ ಮಾಡಿ, ಆಷಾಢದಲ್ಲಿ ಬಡ್ಡಿ ಮಾತ್ರ ಕಟ್ಟುತ್ತೇನೆ ಎಂದು ಸಭೆಯಲ್ಲಿ ಕೇಳಬಹುದು.

ಅದಕ್ಕೂ ಮುಂಚೆ ಕಲಿಕೆ ಮುಗಿಸಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಕಟ್ಟಿದವು. ಅದನ್ನೇ ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳನ್ನು ತೆರೆಸಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೊಲಿಗೆಯ ಜತೆಗೆ ಬೆಲೆ ಕಟ್ಟುವುದು, ಬ್ಯಾಂಕಿಗೆ ಯೋಜನಾ ವರದಿ ಬರೆಯುವುದನ್ನೂ ಹೇಳಿಕೊಡುತ್ತಾರೆ. ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ. ದರ್ಜಿ ಕೆಲಸ ಈಗಾಗಲೇ ಮಾಡುತ್ತಿರುವವರಿಗೆ 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 15,000 ರೂಪಾಯಿಯ ಉಪಕರಣ ನೆರವು, ಮೊದಲ ಕಂತಿನಲ್ಲಿ ಶೇಕಡ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ ಇದೆ. ಕಲಿಯುತ್ತಿರುವ ನಿಮಗೆ ಅದು ಮುಂದಿನ ಮಾತು.

ಲೈನಿಂಗ್ ಬ್ಲೌಸ್ ಒಂದನ್ನು ಅಳತೆ ತಪ್ಪದೆ ಹೊಲಿದು, ಅಕ್ಕಪಕ್ಕದವರು ಎರಡನೇ ಸಲ ಬಟ್ಟೆ ತಂದರೆ ಆಗ ಮಷಿನ್ ತೆಗೆದುಕೊಳ್ಳಿ, ಸಾಲವನ್ನೇ ಮಾಡಿ. ಪೀಕೋ, ಓವರ್‌ಲಾಕ್ ಮಷಿನ್ ಎಲ್ಲ ಒಟ್ಟಿಗೆ ಬೇಡ, ಮೊದಲಿಗೆ ಒಂದು ಸಾದಾ ಕಾಲ್ಮೆಟ್ಟು ಮಷಿನ್ ಸಾಕು. ಸಂಘದಲ್ಲಿ ಸರದಿ ಸಿಗದೆ ಕಂಪನಿಯಿಂದಲೇ ಎತ್ತಬೇಕಾಗಿ ಬಂದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇದೆಯೇ ನೋಡಿ. 2022ರ ನಿಯಮದಂತೆ ವರ್ಷಕ್ಕೆ ಮೂರು ಲಕ್ಷದೊಳಗಿನ ಆದಾಯದ ಮನೆಗೆ ಕೊಡುವ ಇಂಥ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಕಾಡುವಂತಿಲ್ಲ. ಬಡ್ಡಿಗೆ ಮಾತ್ರ ಮೇಲ್ಮಿತಿ ತೆಗೆದಿದ್ದಾರೆ, ಹಾಗಾಗಿ ವರ್ಷಕ್ಕೆ ಒಟ್ಟು ಶೇಕಡ ಎಷ್ಟು ಬೀಳುತ್ತದೆ ಎಂದು ಬರಹದಲ್ಲೇ ಕೇಳಿ. ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಹಬ್ಬದ ದುಡ್ಡು ಕೈಗೆ ಬಂದಾಗ ಅವಧಿಗೆ ಮುಂಚೆಯೇ ತೀರಿಸಿದರೆ ಅದಕ್ಕೆ ದಂಡ ಹಾಕುವಂತಿಲ್ಲ.