ತಟ್ಟೆಯ ಮೇಲಿನ ಹೆಸರು

ಕಳೆದ ವರ್ಷ ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಒಂಬತ್ತನೆಯ ಇಯತ್ತೆಯ ಬಾಲಿಕೆಯೊಬ್ಬಳು ಅಕ್ಕಮಹಾದೇವಿಯ ವಚನವೊಂದನ್ನು ಬಹು ಇಂಪಾಗಿ ಹಾಡಿದಳು. ಈ ಧಾಟಿಯನ್ನು ಯಾರಿಂದ ಕಲಿತೆಯೆಂದು ಕೇಳಿದೆನು. “ನಮ್ಮ ಆಯಿ ಹೇಳಿಕೊಟ್ಟಾಳ್ರಿ, ಸರ್” ಎಂದಳು. ಆಕೆಗೆ ಯಾರು ಕಲಿಸಿದರೆಂದು ಕೇಳಲು, “ಗೊತ್ತಿಲ್ರಿ, ಹಳೇ ಹಾಡದು” ಎಂದು ಉತ್ತರವಿತ್ತಳು. ಹಳೆಯ ಹಾಡೆಂದರೆ ಹಾಡಿದವರಿಲ್ಲದ ಹಾಡು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ. ಇಂದು ಕೈಯೊಳಗಿನ ಮೊಬೈಲಿನಲ್ಲಿ ನೂರು ವರ್ಷಗಳ ಹಿಂದಿನ ಗಾಯನವೂ ಕೇಳಸಿಗುತ್ತದೆ; ಆದರೆ ಹಾಡು ಸಿಕ್ಕಿದೊಡನೆ ನಾವು ಹುಡುಕುವುದನ್ನು ನಿಲ್ಲಿಸುತ್ತೇವೆ. ಹುಡುಕಾಟ ಮೊದಲಾಗಬೇಕಾದದ್ದೇ ಅಲ್ಲಿಂದ ಎಂಬುದನ್ನು ಕೆಲವು ಉದಾಹರಣೆಗಳಿಂದ ತಿಳಿಸಲು ಯತ್ನಿಸುತ್ತೇನೆ.

ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆ ಅರಗಿನಿಂದ ಮಾಡಿದುದು. ಅದು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಒಂದೇ ರಾಗವನ್ನು ಬೆಳೆಸಬಲ್ಲವರು ಆ ಮೂರು ನಿಮಿಷಗಳಲ್ಲಿ ತಮ್ಮ ವಿದ್ಯೆಯನ್ನೆಲ್ಲ ಅಡಕಗೊಳಿಸಬೇಕಾಗುತ್ತಿತ್ತು. 1902ರ ನವೆಂಬರದಲ್ಲಿ ಕಲಕತ್ತೆಯಲ್ಲಿ ಗೋಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಫ್ರೆಡ್ ಗೈಸ್‌ಬರ್ಗ್ ಎಂಬವರು ಮುದ್ರಿಸಿಕೊಂಡರು. ಈ ದೇಶದಲ್ಲಿ ಮಾರಾಟಕ್ಕಾಗಿ ಮಾಡಿದ ಮೊದಮೊದಲ ಮುದ್ರಣಗಳಲ್ಲಿ ಅವು ಸೇರಿವೆ. ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಾಳೆ. ಇಂದು ಕೇಳುವವರಿಗೆ ಇದು ನಗೆ ತರಿಸಬಹುದು. ಆದರೆ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರ್ ನಗರದಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯುವ ಉಪಾಯ ಅದು. ಈ ಗೋಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳೆಂಬುದು ಎಷ್ಟು ಮಂದಿ ಕನ್ನಡಿಗರಿಗೆ ಗೊತ್ತು?

ದೂರದ ಮಾತು ಬಿಡೋಣ. ಜತ್ತ ತಾಲೂಕಿನವರಾದ ನಮಗೆ ಮಿರಜ ನೆರೆಯೂರು. ತಂಬೂರಿ ಮಾಡುವ ಮನೆತನಗಳಿಂದ ಹೆಸರಾದ ಆ ಊರಿನ ದರ್ಗಾದ ಆವರಣದಲ್ಲಿ ಖಾನಸಾಹೇಬ ಅಬ್ದುಲ್ ಕರೀಮ್ ಖಾನರ ಸಮಾಧಿಯಿದೆ. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಅವರು ಮಿರಜದಲ್ಲಿ ನೆಲೆಸಿದರು. 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ದಾರಿಯ ರೈಲು ನಿಲ್ದಾಣವೊಂದರಲ್ಲಿ ದೇಹವಿಟ್ಟರು. ಅವರ ತಟ್ಟೆಗಳನ್ನು ಒಂದೆಡೆ ಇಟ್ಟು ಕೇಳಬೇಕು: ಖ್ಯಾಲಿದೆ, ಝಿಂಜೋಟಿಯ ಠುಮ್ರಿಯಿದೆ, ಮರಾಠಿ ರಂಗಗೀತೆಯಿದೆ, ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೂ ಇದೆ! ಹಿಂದುಸ್ತಾನಿ, ಕರ್ನಾಟಕಿ, ನಾಟ್ಯಗೀತೆಯೆಂದು ನಾವು ಬೇಲಿ ಹಾಕುತ್ತೇವೆ. ಆ ಕಂಠಕ್ಕೆ ಬೇಲಿಯ ಅರಿವೇ ಇದ್ದಂತಿಲ್ಲ.

ಆ ಠುಮ್ರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿ ಗದಗಿನ ಬಾಲಕನೊಬ್ಬನು ಮರುಳಾದನು. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟು ಓಡಿದನು. ಗ್ವಾಲಿಯರ್ ಆಯಿತು, ರಾಂಪುರ ಆಯಿತು. ಕಡೆಗೆ ಜಲಂಧರದಲ್ಲಿ ವಿನಾಯಕರಾವ ಪಟವರ್ಧನರು, ನಿಮ್ಮ ಊರ ಮಗ್ಗುಲಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆಯೆಂದು ತಿಳಿಯ ಹೇಳಿದರಂತೆ. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವೂ, ಅದೇ ಅಬ್ದುಲ್ ಕರೀಮ್ ಖಾನರ ಶಿಷ್ಯರು, ಮರಾಠಿ ರಂಗಭೂಮಿಯಲ್ಲಿ ಮೆರೆದ ಕನ್ನಡಿಗರು. ಬಾಲಕನು ತಟ್ಟೆಯ ಮೇಲಿನ ಹೆಸರಿನ ಬೆನ್ನು ಹತ್ತಿ ಉತ್ತರಾಪಥವನ್ನೆಲ್ಲ ಸುತ್ತಿ ತನ್ನ ಜಿಲ್ಲೆಗೇ ಮರಳಿದನು. ಅವನೇ ಮುಂದೆ ಪಂಡಿತ ಭೀಮಸೇನ ಜೋಶಿ (1922–2011). ದಾಸರ ಪದ, ಮರಾಠಿ ಅಭಂಗಗಳೆರಡನ್ನೂ ಮನೆಮನೆಗೆ ಮುಟ್ಟಿಸಿದ ಕಂಠ ಅದು.

ಹೆಸರನ್ನು ಓದುವುದು ಯಾವಾಗಲೂ ಸುಲಭವಲ್ಲ. 1930ರ ದಶಕದ ಕೆಲವು ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ. ಹಾಕಿ ಕೇಳಿದರೆ ತೆಳುವಾದ, ಏರುಶ್ರುತಿಯ ಹೆಣ್ಣುಕಂಠ, ಭಾವಗೀತೆಗಳೂ ಉಂಟು. ಈಕೆ ಯಾರು? ಗಂಗೂಬಾಯಿ ಹಾನಗಲ್ಲರೇ! ಕಂಠದ ಶಸ್ತ್ರಚಿಕಿತ್ಸೆಯ ತರುವಾಯ ಅವರ ದನಿ ಗಡುಸಾಯಿತು. ನಾವು ಬಲ್ಲ ಗಂಭೀರ ನಾದ ಆ ಎರಡನೆಯ ದನಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಸವಾಯಿ ಗಂಧರ್ವರ ಶಿಷ್ಯೆಯಾಗಿ ಕಿರಾನಾ ಘರಾಣೆಯ ಕೀರ್ತಿಯಾದರು. ಮೊದಲ ಸಲ ಆ ಹಳೆಯ ಮುದ್ರಣ ಕೇಳಿದಾಗ ನಾನು ನಂಬಲಿಲ್ಲ. ಬೇರಾರದೋ ಹಾಡಿಗೆ ಈ ಹೆಸರು ಅಂಟಿಸಿದ್ದಾರೆಂದು ವಾದಿಸಿದೆನು. ಹೀಗೆ ಹಟದಿಂದ ತಪ್ಪು ಹೇಳುವುದು ನಮ್ಮ ವೃತ್ತಿಯವರಿಗೆ ಹೊಸದಲ್ಲ.

ಇನ್ನು ಮಲ್ಲಿಕಾರ್ಜುನ ಮನಸೂರರು. ಅವರು ನಾಟಕ ಕಂಪನಿಯ ಬಾಲನಟರು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕಿ ಪಾಠ, ಬಳಿಕ ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ, ಅದರ ಮೇಲೆ ಮಂಜೀಖಾನರಲ್ಲಿಯೂ ಅವರ ಸೋದರ ಬುರ್ಜೀಖಾನರಲ್ಲಿಯೂ ಜಯಪುರ ಘರಾಣೆ. ವಚನಗಾಯನಕ್ಕೆ ಅವರು ಕೊಟ್ಟ ಘನತೆಯ ಹಿಂದೆ ಇಷ್ಟೊಂದು ಪಾಠಗಳಿವೆ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಇನ್ನೊಂದು ದಾರಿ ಹಿಡಿದು, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದಲ್ಲೆಲ್ಲ ಮನೆಮಾತಾದಳು.

ಮರಾಠಿ ನಾಟ್ಯಗೀತೆ ನಮ್ಮದಲ್ಲವೆಂದು ಮುಖ ತಿರುಗಿಸುವ ಪಾಲಕರೂ, ವಚನ ನಮಗೇಕೆಂದು ಕೇಳುವ ಎಳೆಯರೂ ನನಗೆ ಎದುರಾಗುತ್ತಾರೆ. 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಆ ರಂಗಗೀತೆಗಳಲ್ಲಿ ಕನ್ನಡ ಧಾಟಿಗಳು ಹಲವು ಸೇರಿವೆ. ಜಗಳಕ್ಕೆ ಮೊದಲು ಇಷ್ಟನ್ನಾದರೂ ತಿಳಿದಿರಬೇಕು.

ನನ್ನ ತಪ್ಪೊಂದನ್ನೂ ಇಲ್ಲಿ ಹೇಳಬೇಕು. ನಮ್ಮ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ತಂದೆಯವರ ತಟ್ಟೆಗಳಿದ್ದವು. ಮನೆಗೆ ಸುಣ್ಣ ಹೊಡೆಸುವಾಗ ಅರ್ಧ ಒಡೆದಿವೆಯೆಂದು ಒಟ್ಟಾಗಿ ಗುಜರಿಯವನಿಗೆ ಕೊಟ್ಟೆನು. ಹೆಸರುಗಳನ್ನು ಒಂದು ಹಾಳೆಯ ಮೇಲಾದರೂ ಬರೆದುಕೊಳ್ಳಬೇಕಿತ್ತು. ತಂದೆಯವರು ಏನೂ ಅನ್ನಲಿಲ್ಲ. ಟ್ರಂಕನ್ನು ಮಾತ್ರ ಮತ್ತೆ ಅಟ್ಟಕ್ಕೇರಿಸಿದರು.

ಆದುದರಿಂದ ನಿಮಗೊಂದು ಕೆಲಸ ಕೊಟ್ಟಿದ್ದೇನೆ. ಮನೆಯಲ್ಲಿ ತಟ್ಟೆಯೋ ಕ್ಯಾಸೆಟ್ಟೋ ಇದ್ದರೆ ಹಾಡಿದವರ ಹೆಸರು, ರಾಗ, ಕಂಪನಿಯ ಹೆಸರು, ಕ್ರಮಾಂಕ ಇವನ್ನು ವಹಿಯಲ್ಲಿ ಬರೆಯಿರಿ. ಹಾರ್ಮೋನಿಯಂ, ತಬಲಾ ಬಾರಿಸಿದವರ ಹೆಸರು ಬಹುಮಟ್ಟಿಗೆ ಇರುವುದಿಲ್ಲ, ಹಿರಿಯರನ್ನು ಕೇಳಿರಿ. ತಟ್ಟೆಯಿಲ್ಲದ ಮನೆಗಳಲ್ಲಿ ಅಜ್ಜಿಯರಿದ್ದಾರೆ.

ಆ ಬಾಲಿಕೆಯ ಅಜ್ಜಿಯನ್ನು ಒಂದು ರವಿವಾರ ಕಂಡು ಮನಸೂರರ ವಚನಗಾಯನವನ್ನು ಮೊಬೈಲಿನಲ್ಲಿ ಕೇಳಿಸಿದೆನು. ಕಣ್ಣು ಮುಚ್ಚಿ ಕೇಳಿ, “ಛಲೋ ಹಾಡ್ಯಾರ್ರಿ. ಆದ್ರ ನಂದು ಈ ಧಾಟಿ ಅಲ್ಲ. ನಮ್ಮ ಅತ್ತಿ ಬೀಸುವಾಗ ಹಾಡತಿದ್ಲು, ಆಕೀದು” ಎಂದರು. ಅತ್ತೆಯ ಹೆಸರನ್ನು ಕೇಳಿದೆನು. ಮೊಮ್ಮಗಳು ವಹಿ ತೆರೆದು ಅದನ್ನು ಮೊದಲ ಪುಟದಲ್ಲಿ ಬರೆದುಕೊಂಡಳು.