ಅತ್ತೆಯವರ ಮೊಬೈಲ್ ಪಾಠಕ್ಕೆ ಹಣ
ಸಂಘದ ಸದಸ್ಯೆಯರೇ, ಹಳ್ಳಿಯವರಿಗೆ ಕಂಪ್ಯೂಟರ್, ಮೊಬೈಲ್ ಕಲಿಸಲು ಕೇಂದ್ರ ಸರ್ಕಾರ 2017ರಲ್ಲಿ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರಂಭಿಸಿತು. 6 ಕೋಟಿ ಜನರಿಗೆ ಕಲಿಸುವ ಗುರಿ, ಮನೆಗೆ ಒಬ್ಬರು, 20 ಗಂಟೆಯ ಪಾಠ. 2024ರ ಮಾರ್ಚ್‌ನಲ್ಲಿ ಅದು ಮುಗಿಯಿತು. ಆದರೆ ವಯಸ್ಸಿನ ಮಿತಿ 14ರಿಂದ 60 ಇತ್ತು. ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಸಿಗುವುದೇ 65 ತುಂಬಿದವರಿಗೆ. ಹಣ ಬ್ಯಾಂಕಿಗೆ ಬರುತ್ತೆ, ಮೆಸೇಜು ಮೊಬೈಲಿಗೆ ಬರುತ್ತೆ. ಅದನ್ನು ನೋಡೋದು ಹೇಗೆ ಅಂತ ಕಲಿಸುವ ಯೋಜನೆಯಿಂದ ಮಾತ್ರ ಅವರು ಹೊರಗೆ!

ಇನ್ನೊಂದು ವಿಷಯ ಗಮನಿಸಿ. ಕಲಿಸುವ ಸಂಸ್ಥೆಗೆ ತಲಾ 300 ರೂಪಾಯಿ ಸಿಗುತ್ತಿದ್ದದ್ದು ಕಲಿತವರು ಪರೀಕ್ಷೆ ಪಾಸಾದ ಮೇಲೆ. ಹಾಗಿದ್ದರೆ ನಿಧಾನವಾಗಿ ಕಲಿಯುವ ಅಜ್ಜಿಯನ್ನು ಯಾರು ಕರೀತಾರೆ, ನೀವೇ ಹೇಳಿ.

ಸಂಘದಿಂದ ಹಣ ಇಡುವುದಾದರೆ ಲೆಕ್ಕ ಬೇರೆ ಇರಲಿ. ಕಲಿಸೋಕೆ ಬರುವ ಊರಿನ ಕಾಲೇಜು ಹುಡುಗಿಗೆ ದಿನದ ಲೆಕ್ಕದಲ್ಲಿ ಗೌರವಧನ ಕೊಡಿ. ಜಾಗಕ್ಕೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೇಳಿ. ಓಟಿಪಿ ಯಾರಿಗೂ ಹೇಳಬಾರದು, ಮೋಸದಿಂದ ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ಮೊದಲ ದಿನವೇ ಕಲಿಸಲಿ. ಫೋಟೋ ಕಳಿಸೋದು ಆಮೇಲೆ. ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. 60 ದಾಟಿದವರ ಪಾಠಕ್ಕೂ ಹಣ ಇಡಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.