ಬಾನಿಗೆ ಎಂಟು ಪಾಲು: ಮೋಡವನ್ನು ಅಳೆಯುವ ಬಗೆ

‘ಭಾಗಶಃ ಮೋಡ ಕವಿದ ವಾತಾವರಣ’ ಎಂಬ ಮಾತನ್ನು ಹವಾಮಾನ ವರದಿಯಲ್ಲಿ ದಿನವೂ ಓದುತ್ತೇವೆ. ಈ ‘ಭಾಗಶಃ’ ಎಷ್ಟು ಎಂಬುದಕ್ಕೂ ಲೆಕ್ಕವಿದೆ. ಇಡೀ ಬಾನನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲನ್ನು ಮೋಡ ಮುಚ್ಚಿದೆ ಎಂದು ನೋಡುತ್ತಾರೆ. ಒಂದು ಪಾಲಿಗೆ ಒಂದು ಆಕ್ಟಾ. ಇದಕ್ಕೆ ಯಂತ್ರ ಬೇಕಿಲ್ಲ. ಕಣ್ಣು, ಒಂದು ನೋಟ್‌ಬುಕ್ಕು, ಪೆನ್ನು ಸಾಕು. ತೊಗರಿ ಹೂ ಬಿಟ್ಟ ಹೊತ್ತಿನಲ್ಲಿ ಮಬ್ಬು ಕವಿದರೆ ಕಲಬುರಗಿಯ ರೈತರಿಗೆ ಕಾಯಿಕೊರಕದ ಚಿಂತೆ, ಒಣದ್ರಾಕ್ಷಿ ಮಾಡುವ ವಿಜಯಪುರದವರಿಗೆ ಹಣ್ಣು ಒಣಗದ ಚಿಂತೆ. ಮುಗಿಲಿನ ಮೇಲೆ ಇವರೆಲ್ಲರ ಕಣ್ಣು ಆಗಲೇ ಇದೆ. ಕಂಡದ್ದನ್ನು ಬರೆದಿಡಲು ಒಂದು ಕ್ರಮವಿದ್ದರೆ ಸಾಕು.

ಜಾಗ ಮತ್ತು ಹೊತ್ತು

ಸುತ್ತಲೂ ಬಾನಂಚು ಕಾಣುವ ತಾರಸಿ, ಕಣ ಅಥವಾ ಬಯಲು ಆರಿಸಿಕೊಳ್ಳಿ. ದಿನವೂ ಅಲ್ಲಿಂದಲೇ ನೋಡಬೇಕು. ಬೆಳಿಗ್ಗೆ 8.30 ಮತ್ತು ಸಂಜೆ 5.30 ಒಳ್ಳೆಯ ಹೊತ್ತು. ಹವಾಮಾನ ಇಲಾಖೆಯ ವೀಕ್ಷಣಾಲಯಗಳೂ ಆಗಲೇ ದಾಖಲಿಸುವುದರಿಂದ ಹೋಲಿಸಿ ನೋಡಬಹುದು. ಸೂರ್ಯನನ್ನು ನೇರವಾಗಿ ನೋಡಬೇಡಿ. ನೀರಿನ ಟ್ಯಾಂಕಿನ ನೆರಳಲ್ಲೋ ಗೋಡೆಯ ಮರೆಯಲ್ಲೋ ನಿಂತು ಉಳಿದ ಬಾನನ್ನು ಗಮನಿಸಿ.

ಎಷ್ಟು ಮುಚ್ಚಿದೆ?

ಬಾನನ್ನು ಮನಸ್ಸಿನಲ್ಲೇ ನಾಲ್ಕು ಕಾಲುಭಾಗ ಮಾಡಿ. ಒಂದೊಂದು ಕಾಲುಭಾಗಕ್ಕೂ ಎರಡು ಆಕ್ಟಾ. ಒಂದರಲ್ಲಿ ಚದುರಿದ ಮೋಡಗಳನ್ನೆಲ್ಲ ಒತ್ತಟ್ಟಿಗೆ ತಂದರೆ ಅರ್ಧ ತುಂಬುತ್ತದೆ ಅನ್ನಿಸಿದರೆ ಅದಕ್ಕೆ ಒಂದು. ಹೀಗೆ ನಾಲ್ಕನ್ನೂ ಕೂಡಿಸಿ.

ಎರಡು ನಿಯಮಗಳನ್ನು ಬಿಡಬಾರದು. ಚೂರು ಮೋಡವಿದ್ದರೂ ಸೊನ್ನೆ ಬರೆಯುವಂತಿಲ್ಲ, 1 ಬರೆಯಬೇಕು. ಒಂದೇ ಒಂದು ಕಿಂಡಿಯಲ್ಲಿ ನೀಲಿ ಇಣುಕಿದರೂ 8 ಬರೆಯುವಂತಿಲ್ಲ, 7. ದಟ್ಟ ಮಂಜಿನಲ್ಲಿ ಬಾನೇ ಕಾಣದಿದ್ದರೆ 9 ಎಂದು ಬರೆಯುವುದು ರೂಢಿ.

ಹೊಸಬರ ಲೆಕ್ಕ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ. ಬಾನಂಚಿನ ಕಡೆ ಮೋಡದ ತಳದ ಜೊತೆಗೆ ಅದರ ಪಕ್ಕೆಯೂ ಕಾಣುವುದರಿಂದ ನಡುವಿನ ಕಿಂಡಿಗಳು ಮರೆಯಾಗುತ್ತವೆ. ಆದ್ದರಿಂದ ತಲೆಯ ಮೇಲಿನ ಭಾಗವನ್ನು ಮೊದಲು ನೋಡಿ, ಆಮೇಲೆ ಕೆಳಗಿಳಿಯಿರಿ. ಇಬ್ಬರು ಬೇರೆಬೇರೆಯಾಗಿ ಅಂದಾಜು ಮಾಡಿ ತಾಳೆ ನೋಡಿದರೆ ಕಣ್ಣು ಬೇಗ ಪಳಗುತ್ತದೆ. ರಾತ್ರಿ ನಕ್ಷತ್ರಗಳೇ ಗುರುತು: ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಅವು ಎಲ್ಲೆಲ್ಲಿ ಅಳಿಸಿಹೋಗಿವೆ ನೋಡಿ.

ಎಷ್ಟು ಎತ್ತರದ್ದು?

ಬಹಳ ಮಂದಿ ಆಕ್ಟಾ ಬರೆದು ಪುಸ್ತಕ ಮುಚ್ಚುತ್ತಾರೆ. ಹವಾಗುಣದ ದೃಷ್ಟಿಯಿಂದ ಅಷ್ಟು ಸಾಲದು. ಬಾನಿಡೀ ಮುಚ್ಚಿದ ಎರಡು ದಿನಗಳು ಭೂಮಿಯ ಮೇಲೆ ಒಂದಕ್ಕೊಂದು ತೀರಾ ಬೇರೆಯಾದ ಪರಿಣಾಮ ಬೀರಬಹುದು. ಅದನ್ನು ತೀರ್ಮಾನಿಸುವುದು ಮೋಡದ ಎತ್ತರ ಮತ್ತು ದಪ್ಪ.

ನಮ್ಮಂಥ ಉಷ್ಣವಲಯದಲ್ಲಿ ಕೆಳಮೋಡಗಳ ತಳ ಸುಮಾರು 2 ಕಿ.ಮೀ. ಒಳಗೇ ಇರುತ್ತದೆ. ಮಧ್ಯಮ ಮೋಡಗಳು 2ರಿಂದ 8 ಕಿ.ಮೀ., ಎತ್ತರದವು 6ರಿಂದ 18 ಕಿ.ಮೀ. ನಡುವೆ. ಗುಂಪುಗುಂಪಾದ ಮೋಡವಾದರೆ ಕೈಯನ್ನು ಪೂರ್ತಿ ಮುಂದೆ ಚಾಚಿ ಅಳೆಯಿರಿ. ಬಾನಂಚಿನಿಂದ ಸಾಕಷ್ಟು ಮೇಲಿರುವ ಒಂದು ತುಣುಕು ಕಿರುಬೆರಳಿನ ಅಗಲದೊಳಗೆ ಮರೆಯಾದರೆ ಅದು ಎತ್ತರದ್ದು, ಮೂರು ಬೆರಳಿನೊಳಗಾದರೆ ಮಧ್ಯಮದ್ದು, ಅದಕ್ಕೂ ಹಿರಿದಾದರೆ ಕೆಳಗಿನದು. ಬಾಚಿದ ಕೂದಲಿನ ಎಳೆಗಳಂತೆ ಹರಡಿದ್ದು ಸಿರಸ್. ಅದು ಹಿಮದ ಹರಳುಗಳ ಮೋಡ. ಇಂಥದೇ ಹರಳುಗಳ ತೆಳು ಪರದೆ ಹಬ್ಬಿದಾಗ ಸೂರ್ಯನ ಸುತ್ತ ಬಳೆ ಮೂಡುತ್ತದೆ. 2021ರ ಮೇ 24ರಂದು ಬೆಂಗಳೂರಿನವರು ಬೀದಿಗಿಳಿದು ನೋಡಿದ್ದು ಅದನ್ನೇ.

ತಂಪೋ ಬಿಸಿಯೋ?

ದಪ್ಪನೆಯ ಕೆಳಮೋಡ ಬಿಸಿಲನ್ನು ಮೇಲಕ್ಕೇ ಮರಳಿಸುತ್ತದೆ. ಅದರ ನೆತ್ತಿ ಹೆಚ್ಚೇನೂ ತಣ್ಣಗಿರದ ಕಾರಣ ಬಾಹ್ಯಾಕಾಶಕ್ಕೆ ಹೋಗುವ ಶಾಖಕ್ಕೆ ದೊಡ್ಡ ತಡೆಯಿಲ್ಲ. ಒಟ್ಟಿನಲ್ಲಿ ತಂಪು. ತೆಳುವಾದ ಸಿರಸ್ ಬಿಸಿಲನ್ನು ಒಳಗೆ ಬಿಟ್ಟು, ನೆಲದಿಂದೇಳುವ ಶಾಖವನ್ನು ಹಿಡಿದಿಡುತ್ತದೆ, ಅದರಿಂದ ಬಿಸಿ. ರಾತ್ರಿ ಬಿಸಿಲೇ ಇಲ್ಲದ್ದರಿಂದ ಯಾವ ಮೋಡವಾದರೂ ನೆಲದ ಬಿಸಿಯನ್ನು ಕಾಯುತ್ತದೆ. ಇದನ್ನು ಮನೆಯಲ್ಲೇ ಕಾಣಬಹುದು: ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಆಕ್ಟಾ ಪಕ್ಕದಲ್ಲಿ ಮರುದಿನದ ಕನಿಷ್ಠ ಉಷ್ಣಾಂಶ ಬರೆಯುತ್ತ ಬನ್ನಿ. ಗಾಳಿ ಹೆಚ್ಚಿಲ್ಲದ, ಮೋಡವೂ ಇಲ್ಲದ ರಾತ್ರಿಗಳಲ್ಲಿ ಚಳಿ ಕಚ್ಚುವುದು ಅಂಕಿಯಲ್ಲೇ ಕಾಣುತ್ತದೆ.

ಇಡೀ ಭೂಮಿಗೆ ಈ ಲೆಕ್ಕ ಹಾಕಿದವರಲ್ಲಿ ಮುಖ್ಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವೀರಭದ್ರನ್ ರಾಮನಾಥನ್. 1985ರ ಏಪ್ರಿಲ್ ತಿಂಗಳ ಉಪಗ್ರಹ ಮಾಹಿತಿಯನ್ನು ಆಧರಿಸಿ ಅವರೂ ಸಂಗಡಿಗರೂ 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಂಕಿಗಳು ಇವು: ಮೋಡಗಳು ಪ್ರತಿ ಚದರ ಮೀಟರಿಗೆ 44.5 ವ್ಯಾಟ್ ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ, 31.3 ವ್ಯಾಟ್ ಶಾಖವನ್ನು ಹಿಡಿದಿಡುತ್ತವೆ. ಕಳೆದರೆ ಸುಮಾರು 13 ವ್ಯಾಟ್ ತಂಪು. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯ ಮೇಲೆ ಬೀಳುವ ಹೆಚ್ಚುವರಿ ಶಾಖದ ಹೊರೆಯ ಸುಮಾರು ನಾಲ್ಕು ಪಟ್ಟು ಇದು. ಇಷ್ಟು ದೊಡ್ಡ ಕೊಡೆ ಸ್ವಲ್ಪ ಸರಿದರೂ ಪರಿಣಾಮ ಸಣ್ಣದಲ್ಲ. ಭೂಮಿ ಕಾದಂತೆ ಮೋಡಗಳಲ್ಲಾಗುವ ಬದಲಾವಣೆ ಒಟ್ಟಾರೆ ಆ ಕಾವನ್ನು ಹೆಚ್ಚಿಸುವ ಕಡೆಗೇ ಇದೆ ಎಂದು ಹವಾಗುಣ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ (ಐಪಿಸಿಸಿ) 2021ರ ವರದಿಯಲ್ಲಿ ಹೇಳಿದೆ. ನನ್ನ ಮಟ್ಟಿಗೆ ಆ ವರದಿಯ ಅತ್ಯಂತ ಕಳವಳದ ಮಾತುಗಳಲ್ಲಿ ಇದೊಂದು.

ಉಪಗ್ರಹದ ಚಿತ್ರದೊಂದಿಗೆ ತಾಳೆ

ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹಗಳ ಚಿತ್ರಗಳು ಸಿಗುತ್ತವೆ. ಅವಗೆಂಪು ಚಿತ್ರದಲ್ಲಿ ಹೆಚ್ಚು ಬೆಳ್ಳಗೆ ಕಂಡಷ್ಟೂ ಮೋಡದ ನೆತ್ತಿ ತಣ್ಣಗಿದೆ, ಅಂದರೆ ಎತ್ತರದಲ್ಲಿದೆ. ಕೆಳಮೋಡ ನೆಲದಷ್ಟೇ ಬೂದಾಗಿ ಕಂಡು ಕಣ್ತಪ್ಪಬಹುದು. ಹಗಲಾದರೆ ಬೆಳಕಿನ ಚಿತ್ರವನ್ನೂ ತೆರೆದು ನೋಡಿ. ಉಪಗ್ರಹ ಮೇಲಿಂದ ನೋಡುತ್ತದೆ, ನೀವು ಕೆಳಗಿನಿಂದ. ನಿಮಗೆ 8 ಆಕ್ಟಾ ಕೆಳಮೋಡವಷ್ಟೇ ಕಂಡ ದಿನ ಚಿತ್ರದಲ್ಲಿ ಅದರ ಮೇಲೆ ಸಿರಸ್ ಹಬ್ಬಿರಬಹುದು. ಆಗ ನಿಮ್ಮ ಅಂಕಿಯನ್ನು ತಿದ್ದಬೇಡಿ, ಪಕ್ಕದಲ್ಲಿ ಷರಾ ಬರೆಯಿರಿ.

ಪುಸ್ತಕದಲ್ಲಿ ದಿನಾಂಕ, ಹೊತ್ತು, ಆಕ್ಟಾ, ಎತ್ತರ, ಕನಿಷ್ಠ ಉಷ್ಣಾಂಶ, ಷರಾ ಇಷ್ಟೇ ಕಲಮುಗಳಿರಲಿ. ನೋಡಲಾಗದ ದಿನದ ಸಾಲನ್ನು ನೆನಪಿನಿಂದ ತುಂಬಬೇಡಿ, ಸೊನ್ನೆಯನ್ನೂ ಹಾಕಬೇಡಿ. ಸೊನ್ನೆ ಎಂದರೆ ಶುಭ್ರ ಬಾನು. ಒಂದು ಅಡ್ಡಗೆರೆ ಎಳೆದು ಮುಂದಿನ ಸಾಲಿಗೆ ಹೋಗಿ.